ಕಾಲಿಗೆ ಬಲವಿದೆ, ಹೆಜ್ಜೆ ಏಳುವುದಿಲ್ಲ

ಎಸಿಡಿಟಿಗೆಂದು ಮೆಡಿಕಲ್‌ನಿಂದ ತಂದ ಕ್ಯಾಪ್ಸೂಲಿನ ಪಟ್ಟಿಯನ್ನು ತಿರುಗಿಸಿ ಹಿಂಬದಿಯ ಸಣ್ಣ ಅಕ್ಷರ ಓದಿ ನೋಡಿ. ಮೊದಲ ಹೆಸರು ರಾಬೆಪ್ರಜೋಲ್ ಅಥವಾ ಪ್ಯಾಂಟೊಪ್ರಜೋಲ್ ಇದ್ದೀತು. ಅದು ಹೊಟ್ಟೆಯ ಆಮ್ಲ ತಗ್ಗಿಸುವ ಔಷಧ. ಎಷ್ಟೋ ಪಟ್ಟಿಗಳಲ್ಲಿ ಅದರ ಜೊತೆಗೇ ಲೆವೊಸಲ್ಪಿರೈಡ್ ಎಂಬ ಇನ್ನೊಂದು ಹೆಸರಿರುತ್ತದೆ, ಸಾಮಾನ್ಯವಾಗಿ 75 ಮಿಲಿಗ್ರಾಂ. ಜಠರ ಬೇಗ ಖಾಲಿಯಾಗಲಿ, ಉಬ್ಬರ ಇಳಿಯಲಿ ಎಂದು ಅದನ್ನು ಸೇರಿಸಿರುತ್ತಾರೆ. ಆದರೆ ಅದು ಹೊಟ್ಟೆಯಲ್ಲೇ ನಿಲ್ಲುವ ಔಷಧವಲ್ಲ. ರಕ್ತದ ಜೊತೆ ಮಿದುಳಿಗೆ ಹೋಗಿ, ಅಲ್ಲಿ ನರಕೋಶಗಳ ನಡುವೆ ಸುದ್ದಿ ಒಯ್ಯುವ ಡೋಪಮಿನ್ ಎಂಬ ರಾಸಾಯನಿಕ ಬಂದು ಕೂರಬೇಕಾದ ಜಾಗದಲ್ಲಿ ತಾನು ಕೂತುಬಿಡುತ್ತದೆ.

ಮುಂಬಯಿಯಲ್ಲಿ ಮಾಟುಂಗದಿಂದ ಡೊಂಬಿವಿಲಿಯವರೆಗೆ ಹೋಟೆಲ್ ಕೆಲಸದಲ್ಲಿರುವ ನಮ್ಮವರ ಊಟಕ್ಕೆ ಹೊತ್ತುಗೊತ್ತಿಲ್ಲ. ಬೆಳಗಿನ ಐದಕ್ಕೆ ಶಟರ್ ಎತ್ತಿದವರು ಮಧ್ಯಾಹ್ನದ ಊಟಕ್ಕೆ ಕೂರುವಾಗ ನಾಲ್ಕಾಗಿರುತ್ತದೆ. ಎಸಿಡಿಟಿ ಬಾರದೆ ಇನ್ನೇನು. ಹದಿನೈದು ದಿನಕ್ಕೆಂದು ಡಾಕ್ಟರು ಬರೆದ ಚೀಟಿಯನ್ನೇ ತೋರಿಸಿ ವರ್ಷಗಟ್ಟಲೆ ಅದೇ ಪಟ್ಟಿ ತರುವುದೂ ನಡೆಯುತ್ತದೆ. ವಯಸ್ಸು 60 ದಾಟಿದವರು ಹೀಗೆ ತಿಂಗಳುಗಟ್ಟಲೆ ನುಂಗಿದರೆ ಕೆಲವರಲ್ಲಿ ಏನಾಗುತ್ತದೆಂದರೆ, ಗಲ್ಲಾದಲ್ಲಿ ಕೂತು ಬರೆಯುವ ಬಿಲ್ಲಿನ ಮೊದಲ ಸಾಲು ಸರಿಯಿದ್ದು, ಕೊನೆಯ ಸಾಲಿಗೆ ಬರುವಾಗ ಅಕ್ಷರಗಳು ಸಾಸಿವೆಯಷ್ಟಾಗುತ್ತವೆ. ನೋಟು ಎಣಿಸುವ ಹೆಬ್ಬೆರಳು ನಿಧಾನವಾಗುತ್ತದೆ. ನಡೆಯುವಾಗ ತೋಳು ಬೀಸುವುದು ನಿಲ್ಲುತ್ತದೆ. ಮುಖದಲ್ಲಿ ಭಾವವೇ ಮೂಡುವುದಿಲ್ಲ. ಜೊತೆಗೆ ಒಳಗಿನ ಉಮೇದೂ ಇಳಿಯುತ್ತದೆ. ಸಂಘದ ಸಭೆ ಬೇಡವಾಗುತ್ತದೆ, ಊರಿನ ಜಾತ್ರೆಗೆ ಟಿಕೆಟ್ ಮಾಡಿಸುವ ಮಾತೇ ಬರುವುದಿಲ್ಲ. ಮನೆಯವರು ಮೊದಲು ವಯಸ್ಸಾಯಿತು ಎನ್ನುತ್ತಾರೆ. ಸ್ವಲ್ಪ ದಿನ ಕಳೆದ ಮೇಲೆ, "ಅಪ್ಪಾ, ಸ್ವಲ್ಪ ಮನಸ್ಸು ಮಾಡಿ, ಎದ್ದು ಓಡಾಡಿ" ಎನ್ನುತ್ತಾರೆ.

ಆ ಮಾತಿನಲ್ಲೇ ತಪ್ಪು ತಿಳಿವಳಿಕೆ ಅಡಗಿದೆ. ಮನಸ್ಸು ಮಾಡುವುದು ಒಂದು ಕೆಲಸ, ಕೈಕಾಲು ಆಡಿಸುವುದು ಇನ್ನೊಂದು ಎಂದು ನಾವು ಎಣಿಸಿದ್ದೇವೆ. ಮಿದುಳಿನ ಆಳದಲ್ಲಿ ಆ ಎರಡೂ ಒಂದೇ ಬಗೆಯ ಜಾಲದಲ್ಲಿ, ಒಂದೇ ರಾಸಾಯನಿಕವನ್ನು ನೆಚ್ಚಿ ನಡೆಯುತ್ತವೆ. ಒಂದಕ್ಕೆ ಕೈಹಾಕಿದರೆ ಇನ್ನೊಂದು ಅಲುಗದೆ ಇರುವುದಿಲ್ಲ.

ಮಿದುಳಿನ ಸುಕ್ಕುಗಟ್ಟಿದ ಹೊರಪದರದ ಅಡಿಯಲ್ಲಿ, ಎಡಕ್ಕೂ ಬಲಕ್ಕೂ, ನರಕೋಶಗಳ ಗಂಟುಗಳ ಒಂದು ಗುಂಪಿದೆ. ಅದೇ ಬೇಸಲ್ ಗ್ಯಾಂಗ್ಲಿಯಾ. ಹೊರಪದರದ ಬಹುತೇಕ ಎಲ್ಲ ಭಾಗಗಳಿಂದ ಸುದ್ದಿ ಮೊದಲು ಬಂದು ಸೇರುವುದು ಸ್ಟ್ರಯೇಟಮ್ ಎಂಬ ಗಂಟಿಗೆ. ಅಲ್ಲಿಂದ ಒಳದಾರಿಗಳಲ್ಲಿ ಸಾಗಿ ಗ್ಲೋಬಸ್ ಪ್ಯಾಲಿಡಸ್‌ನ ಒಳಭಾಗದಿಂದ ಹೊರಬೀಳುತ್ತದೆ, ಮಿದುಳಿನ ನಡುವಿನ ಥಲಾಮಸ್ ಎಂಬ ಗಂಟಿನ ಮೂಲಕ ಮತ್ತೆ ಹೊರಪದರಕ್ಕೇ ಮರಳುತ್ತದೆ. ಈ ಹೊರಬಾಗಿಲಿನ ನರಕೋಶಗಳ ವರ್ತನೆ ವಿಶೇಷವಾದದ್ದು. ನಾವು ಸುಮ್ಮನೆ ಕೂತಿದ್ದಾಗಲೂ ಅವು ಸೆಕೆಂಡಿಗೆ ಸುಮಾರು 60ರಿಂದ 80 ಸಲ ಮಿಡಿಯುತ್ತಲೇ ಇರುತ್ತವೆ, ಮತ್ತು ಪ್ರತಿ ಮಿಡಿತವೂ ಥಲಾಮಸ್ಸಿಗೆ ತಡೆ ಒಡ್ಡುತ್ತದೆ. ಎಲ್ಲ ಹಳಿಗಳಲ್ಲೂ ಕೆಂಪು ಸಿಗ್ನಲ್ ಉರಿಯುತ್ತಿರುವ ಯಾರ್ಡಿನಂತೆ. ಒಂದು ಗಾಡಿ ಹೊರಡಬೇಕಾದರೆ ಆ ಒಂದು ಹಳಿಯ ಕೆಂಪು ಆರಬೇಕು, ಉಳಿದವು ಉರಿಯುತ್ತಲೇ ಇರಬೇಕು. ಕೈ ಎತ್ತುವುದೆಂದರೆ ಮಿದುಳಿಗೆ ತಡೆಯನ್ನೇ ತಡೆಯುವ ಕೆಲಸ.

ಸ್ಟ್ರಯೇಟಮ್‌ನ ಬಹುಪಾಲು ನರಕೋಶಗಳು ನೋಡಲು ಒಂದೇ ತೆರ, ಆದರೆ ಡೋಪಮಿನ್ ಹಿಡಿಯುವ ಗ್ರಾಹಕದಲ್ಲಿ ಎರಡು ಬಣ. ಡಿ-1 ಗ್ರಾಹಕ ಇರುವವು ನೇರ ದಾರಿಯವು. ಅವು ಹೊರಬಾಗಿಲಿನ ಮಿಡಿತವನ್ನು ಅಡಗಿಸಿ ಆ ಚಲನೆಗೆ ದಾರಿ ಬಿಡುತ್ತವೆ. ಡಿ-2 ಇರುವವು ಸುತ್ತುದಾರಿಯವು. ಅವು ಸಬ್‌ಥಲಾಮಿಕ್ ನ್ಯೂಕ್ಲಿಯಸ್ ಎಂಬ ಸಣ್ಣ ಗಂಟಿನ ಮೂಲಕ ತಡೆಯನ್ನು ಬಿಗಿ ಮಾಡುತ್ತವೆ. ಡೋಪಮಿನ್ ಮೊದಲನೆಯ ಬಣವನ್ನು ಹುರಿದುಂಬಿಸುತ್ತದೆ, ಎರಡನೆಯದನ್ನು ಸುಮ್ಮನಿರಿಸುತ್ತದೆ. ಆದ್ದರಿಂದ ಡೋಪಮಿನ್ ಇಳಿದರೆ ಎರಡು ಕಡೆಯಿಂದಲೂ ಏಟು, ದಾರಿ ಬಿಡುವವರು ಸೋತಿರುತ್ತಾರೆ, ತಡೆಯುವವರು ಮೇಲುಗೈಯಾಗಿರುತ್ತಾರೆ. ಲೆವೊಸಲ್ಪಿರೈಡ್ ಮುಚ್ಚುವುದು ಡಿ-2 ಗ್ರಾಹಕವನ್ನು. ಡೋಪಮಿನ್ ಇದ್ದರೂ ಸುತ್ತುದಾರಿಯನ್ನು ಸುಮ್ಮನಿರಿಸುವವರಿಲ್ಲದೆ ಬಿಗಿ ಹೆಚ್ಚುತ್ತದೆ. ಗ್ಯಾಸಿನ ಮಾತ್ರೆಗೂ ಬಿಲ್ಲಿನ ಮೇಲಿನ ಸಣ್ಣ ಅಕ್ಷರಕ್ಕೂ ಇರುವ ನಂಟು ಇದು.

ಮೂರನೆಯ ದಾರಿಯೊಂದಿದೆ, ಅದು ಸ್ಟ್ರಯೇಟಮ್ಮಿಗೆ ಹೋಗುವುದೇ ಇಲ್ಲ. ಹೊರಪದರದಿಂದ ನೇರವಾಗಿ ಸಬ್‌ಥಲಾಮಿಕ್ ಗಂಟಿಗೆ ಓಡಿ ಎಲ್ಲವನ್ನೂ ಒಮ್ಮೆಲೇ ನಿಲ್ಲಿಸುತ್ತದೆ. ಲೋಕಲ್ ಹತ್ತಲು ಕಾಲೆತ್ತಿದಾಗ ಗಾಡಿ ಜರುಗಿದ್ದು ಕಂಡ ಕೂಡಲೇ ಕಾಲು ಗಾಳಿಯಲ್ಲೇ ನಿಲ್ಲುತ್ತದಲ್ಲ, ಆ ಕೆಲಸದಲ್ಲಿ ಇದರ ಪಾಲು ದೊಡ್ಡದು.

ಒಂದು ದಾರಿ ಆಕ್ಸಿಲರೇಟರ್, ಇನ್ನೊಂದು ಬ್ರೇಕ್ ಎಂದು ಪಠ್ಯಪುಸ್ತಕಗಳು ಹೇಳುವುದುಂಟು. 2010ರಲ್ಲಿ ಇಲಿಗಳ ಸ್ಟ್ರಯೇಟಮ್‌ಗೆ ಬೆಳಕು ಹಾಯಿಸಿ ಒಂದೊಂದೇ ಬಣವನ್ನು ಕೆರಳಿಸಿದಾಗ ಅದು ನಿಜವೆಂದೇ ತೋರಿತು. ಡಿ-2 ಬಣ ಕೆರಳಿದರೆ ಇಲಿ ನಿಂತಲ್ಲೇ ನಿಂತಿತು, ಡಿ-1 ಬಣ ಕೆರಳಿದರೆ ಓಡಿತು. ಆದರೆ 2013ರಲ್ಲಿ ತಾನಾಗಿ ಓಡಾಡುವ ಇಲಿಗಳನ್ನು ಅಳೆದಾಗ, ಚಲನೆ ಶುರುವಾಗುವ ಹೊತ್ತಿನಲ್ಲಿ ಎರಡೂ ಬಣ ಒಟ್ಟಿಗೇ ಮಿಡಿಯುವುದು ಕಂಡಿತು. ಬೇಕಾದದ್ದನ್ನು ಬಿಡುವುದೂ ಬೇಡವಾದದ್ದನ್ನು ಹಿಡಿದಿಡುವುದೂ ಒಂದೇ ಕ್ಷಣದಲ್ಲಿ ನಡೆಯಬೇಕು ಎಂದು ಇದನ್ನು ಓದಿಕೊಳ್ಳುವುದೇ ಹೆಚ್ಚು ಸರಿ. ದೋಸೆ ಹಿಟ್ಟನ್ನು ಸೌಟಿನಿಂದ ಸುತ್ತುವಾಗ ಮಣಿಕಟ್ಟು ತಿರುಗಬೇಕು, ಭುಜ ನಿಲ್ಲಬೇಕು, ಇನ್ನೊಂದು ಕೈ ಕಾವಲಿಗೆ ತಗಲಬಾರದು. ಈ ಆಯ್ಕೆ ಕೆಟ್ಟರೆ ಎರಡು ರೀತಿಯಲ್ಲೂ ಕೆಡಬಹುದು. ಡೋಪಮಿನ್ ತಯಾರಿಸುವ ನರಕೋಶಗಳು ಸಾಯುವ ಪಾರ್ಕಿನ್ಸನ್ ಕಾಯಿಲೆಯಲ್ಲಿ ಚಲನೆ ಹೊರಬರುವುದಿಲ್ಲ. ಹಂಟಿಂಗ್‌ಟನ್ ಕಾಯಿಲೆಯ ಮೊದಲ ಹಂತದಲ್ಲಿ ಸುತ್ತುದಾರಿಯ ನರಕೋಶಗಳು ಸಾಯುವುದರಿಂದ ಬೇಡದ ಚಲನೆಗಳು ಕುಣಿತದಂತೆ ನುಗ್ಗುತ್ತವೆ.

ಈ ವಿಷಯಕ್ಕೂ ಮುಂಬಯಿಗೂ ಹಳೆಯ ಸಂಬಂಧವಿದೆ, ಅದು ಇನ್ನಷ್ಟು ಜನಕ್ಕೆ ತಿಳಿಯಬೇಕು. ಸರ್ಪಗಂಧದ ಬೇರು ರಕ್ತದೊತ್ತಡ ಇಳಿಸುತ್ತದೆ ಎಂದು ಮುಂಬಯಿಯ ಹೃದ್ರೋಗ ವೈದ್ಯ ರುಸ್ತೊಮ್ ಜಾಲ್ ವಕೀಲ್ 50 ರೋಗಿಗಳ ಅನುಭವದ ಮೇಲೆ 1949ರಲ್ಲಿ ಬ್ರಿಟಿಷ್ ಹಾರ್ಟ್ ಜರ್ನಲ್‌ನಲ್ಲಿ ಬರೆದರು. ಜಗತ್ತಿನ ಕಣ್ಣು ಆ ಬೇರಿನತ್ತ ತಿರುಗಿತು. 1952ರಲ್ಲಿ ಸ್ವಿಟ್ಜರ್ಲೆಂಡಿನ ರಸಾಯನತಜ್ಞರು ಅದರಿಂದ ರೆಸರ್ಪಿನ್ ಬೇರ್ಪಡಿಸಿದರು. ಈ ರೆಸರ್ಪಿನ್ ತೆಗೆದುಕೊಂಡವರಲ್ಲಿ ಕೆಲವರು ಪಾರ್ಕಿನ್ಸನ್ ಬಂದವರಂತೆ ನಿಧಾನವಾದರು, ಕೆಲವರು ಖಿನ್ನರಾದರು. ಅಂದರೆ ದೇಹ ಮತ್ತು ಉಮೇದು ಜೊತೆಯಾಗಿ ಇಳಿಯುವುದು ಆಗಲೇ ಕಣ್ಣಿಗೆ ಬಿದ್ದಿತ್ತು. 1957ರಲ್ಲಿ ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್ ರೆಸರ್ಪಿನ್ ಕೊಟ್ಟು ಮಲಗಿಸಿದ ಮೊಲಗಳಿಗೆ, ಮಿದುಳಿನಲ್ಲಿ ಡೋಪಮಿನ್ ಆಗಿ ಬದಲಾಗುವ ಎಲ್-ಡೋಪಾ ಚುಚ್ಚಿದರು. ಕಿವಿ ಜೋತು ಬಿದ್ದು ಅಲುಗದೆ ಕೂತಿದ್ದ ಮೊಲಗಳು ಎದ್ದು ಓಡಾಡಿದವು. ಬರಿದಾಗಿದ್ದ ಡೋಪಮಿನ್ ಎಲ್-ಡೋಪಾದಿಂದ ತುಂಬಿಕೊಂಡಿತ್ತು. 2000ದಲ್ಲಿ ಕಾರ್ಲ್‌ಸನ್ನರಿಗೆ ನೊಬೆಲ್ ಬಂತು. 1960ರಲ್ಲಿ ವಿಯೆನ್ನಾದ ಹೊರ್ನಿಕೀವಿಚ್, ಪಾರ್ಕಿನ್ಸನ್‌ನಿಂದ ತೀರಿಕೊಂಡವರ ಸ್ಟ್ರಯೇಟಮ್‌ನಲ್ಲಿ ಡೋಪಮಿನ್ ತೀರ ಕಡಿಮೆ ಇರುವುದನ್ನು ತೋರಿಸಿದರು. 1960ರ ದಶಕದ ಕೊನೆಯಲ್ಲಿ ಅಮೆರಿಕದ ಕೊಟ್ಜಿಯಾಸ್ ಎಲ್-ಡೋಪಾವನ್ನು ಬಾಯಿಯಿಂದ ನಿಧಾನವಾಗಿ ಏರಿಸುತ್ತ ಕೊಟ್ಟು ಚಿಕಿತ್ಸೆಗೆ ಒಗ್ಗಿಸಿದರು.

ಆ ಎಲ್-ಡೋಪಾ ನಮ್ಮ ಬೇಲಿಯ ಮೇಲೂ ಇದೆ. ಮುಟ್ಟಿದರೆ ಮೈಯೆಲ್ಲ ತುರಿಸುವ ನಸುಗುನ್ನಿ ಕಾಯಿಯ ಬೀಜದಿಂದ 1937ರಲ್ಲೇ ದಾಮೋದರನ್ ಮತ್ತು ರಾಮಸ್ವಾಮಿ ಅದನ್ನು ಬೇರ್ಪಡಿಸಿದ್ದರು. ಮರಾಠಿಯವರು ಇದನ್ನು ಖಾಜಕುಯಿಲಿ ಎನ್ನುತ್ತಾರೆ. 1978ರಲ್ಲಿ ಮುಂಬಯಿಯ ವೈದ್ಯರು ಈ ಬೀಜದ ಪುಡಿಯನ್ನು ಪಾರ್ಕಿನ್ಸನ್ ರೋಗಿಗಳಿಗೆ ಕೊಟ್ಟು ನೋಡಿ ವರದಿ ಬರೆದರು. ಪುಡಿ ಕೆಲಸ ಮಾಡುತ್ತದೆ. ಆದರೆ ಬೀಜದಿಂದ ಬೀಜಕ್ಕೆ ಪ್ರಮಾಣ ಬದಲಾಗುತ್ತದೆ. ಡಾಕ್ಟರು ಕೊಟ್ಟ ಲೆವೊಡೋಪಾ (ಎಲ್-ಡೋಪಾಕ್ಕೆ ಮಾತ್ರೆಯ ಪಟ್ಟಿಯ ಮೇಲಿರುವ ಹೆಸರು) ನುಂಗುತ್ತ ಅದರ ಮೇಲೆ ಹೇಳದೆ ಕೇಳದೆ ಈ ಪುಡಿಯನ್ನೂ ತಿಂದರೆ ಡೋಸ್ ದುಪ್ಪಟ್ಟಾಗಬಹುದು, ಆಗ ರಕ್ತದೊತ್ತಡ ಇಳಿಯುತ್ತದೆ, ಮೈ ಹೊಯ್ದಾಡುತ್ತದೆ, ಇಲ್ಲದ್ದು ಕಾಣಿಸುತ್ತದೆ.

ಇನ್ನು ಮನಸ್ಸಿನ ವಿಷಯ. ಡೋಪಮಿನ್ ಎಂದರೆ ಸುಖದ ರಾಸಾಯನಿಕ ಎಂದು ರೀಲ್ಸ್‌ನಲ್ಲಿ ಹೇಳಿ ಹೇಳಿ ಅದೇ ನಿಜವೆಂಬಂತಾಗಿದೆ. ಅದು ತಪ್ಪು. ಡೋಪಮಿನ್ ಇಳಿಸಿದ ಇಲಿಯ ನಾಲಿಗೆಗೆ ಸಕ್ಕರೆ ನೀರು ಬಿಟ್ಟರೆ ಅದು ಮೊದಲಿನಂತೆಯೇ ಚಪ್ಪರಿಸುತ್ತದೆ, ರುಚಿಯ ಸುಖ ಹೋಗಿರುವುದಿಲ್ಲ. ಹೋಗಿರುವುದು ಅದಕ್ಕಾಗಿ ಏಳುವ ಶಕ್ತಿ. ಅಮೆರಿಕದ ಸಲಮೋನ್ ನಡೆಸಿದ ಪ್ರಯೋಗಗಳಲ್ಲಿ ಇದು ಕಣ್ಣಿಗೆ ಕಟ್ಟುವಂತಿದೆ. ಇಲಿಯ ಮುಂದೆ ಎರಡು ದಾರಿ. ಒಂದರ ಕೊನೆಯಲ್ಲಿ ಹೆಚ್ಚು ಕಾಳು, ಆದರೆ ನಡುವೆ 44 ಸೆಂಟಿಮೀಟರ್ ಎತ್ತರದ ತಡೆಬೇಲಿ. ಇನ್ನೊಂದರಲ್ಲಿ ಕಡಿಮೆ ಕಾಳು, ದಾರಿ ಸಲೀಸು. ಆರೋಗ್ಯವಂತ ಇಲಿ ಬೇಲಿ ಹತ್ತುತ್ತದೆ. ನ್ಯೂಕ್ಲಿಯಸ್ ಅಕ್ಯೂಂಬೆನ್ಸ್ ಎಂಬ, ಸ್ಟ್ರಯೇಟಮ್‌ನ ಕೆಳಭಾಗದಲ್ಲಿ ಡೋಪಮಿನ್ ಇಳಿಸಿದ ಇಲಿ ಸಲೀಸಾದದ್ದನ್ನೇ ಆರಿಸಿಕೊಳ್ಳುತ್ತದೆ. ಹಸಿವಿದೆ, ರುಚಿ ಗೊತ್ತಿದೆ, ಹತ್ತುವ ಬಲವೂ ಇದೆ. ಶ್ರಮದ ಬೆಲೆ ಮಾತ್ರ ಅದರ ಲೆಕ್ಕದಲ್ಲಿ ದುಬಾರಿಯಾಗಿಬಿಟ್ಟಿದೆ.

ಇದೇ ಲೆಕ್ಕವನ್ನು 2007ರಲ್ಲಿ ಮಜ್ಜೋನಿ ಮತ್ತು ಜೊತೆಗಾರರು ಪಾರ್ಕಿನ್ಸನ್ ಇರುವವರ ಕೈಯಲ್ಲಿ ಕಂಡರು. ಬೇಕಾದ ವೇಗದಲ್ಲಿ ಕೈ ಚಾಚಲು ಅವರಿಗೂ ಆಗುತ್ತದೆ, ಗುರಿ ತಪ್ಪುವುದೂ ಇಲ್ಲ. ಆದರೆ ಆ ವೇಗಕ್ಕೆ ಬರಲು ಹೆಚ್ಚು ಸಲ ಪ್ರಯತ್ನಿಸಬೇಕಾಗುತ್ತದೆ, ವೇಗ ಹೆಚ್ಚಿಸಲು ಬೇಕಾದ ಖರ್ಚನ್ನು ಮಿದುಳು ಒಪ್ಪುವುದೇ ಕಡಿಮೆ. ನಿಧಾನ ಎನ್ನುವುದು ಸ್ನಾಯುವಿನ ದೋಷವಲ್ಲ, ಈ ಒಪ್ಪಿಗೆಯ ಕೊರತೆ. ಅದು ನಮ್ಮ ಅರಿವಿಗೆ ಬಾರದ ಮಟ್ಟದಲ್ಲಿ ನಡೆಯುವುದರಿಂದ ಬೈದು, ಛಲ ಹುಟ್ಟಿಸಿ ಸರಿಪಡಿಸಲು ಬರುವುದಿಲ್ಲ. ಫ್ರಾನ್ಸಿನ ಲಾಪ್ಲಾನ್ 1980ರ ದಶಕದಲ್ಲಿ ವಿವರಿಸಿದ ರೋಗಿಗಳು ಇದರ ಇನ್ನೊಂದು ತುದಿ. ಗ್ಲೋಬಸ್ ಪ್ಯಾಲಿಡಸ್‌ಗೆ ಎರಡೂ ಬದಿ ಪೆಟ್ಟಾದ ಅವರು, ಹೇಳಿದರೆ ಎಲ್ಲ ಮಾಡುತ್ತಿದ್ದರು, ಹೇಳದಿದ್ದರೆ ಗಂಟೆಗಟ್ಟಲೆ ಸುಮ್ಮನೆ ಕೂರುತ್ತಿದ್ದರು. ಬುದ್ಧಿ ಸರಿಯಿತ್ತು, ಪಾರ್ಶ್ವವಾಯು ಇರಲಿಲ್ಲ. ಸೋಮಾರಿ ಎಂಬ ಪದವನ್ನು ಬಳಸುವ ಮೊದಲು ಅವರನ್ನು ನೆನೆಯಬೇಕು.

ಪಾರ್ಕಿನ್ಸನ್ ಮಾತ್ರೆಯ ವಿಷಯದಲ್ಲಿ ಮನೆಗಳಲ್ಲಿ ಆಗುವ ಎಡವಟ್ಟುಗಳು ಹೆಚ್ಚಾಗಿ ಗಡಿಯಾರಕ್ಕೆ ಸಂಬಂಧಪಟ್ಟವು. ಲೆವೊಡೋಪಾ ರಕ್ತದಲ್ಲಿ ಸುಮಾರು ಒಂದೂವರೆ ಗಂಟೆಗೆ ಅರ್ಧವಾಗುತ್ತದೆ, ಅದೂ ಕಾರ್ಬಿಡೋಪಾ ಜೊತೆಗಿದ್ದರೆ. ಕಾರ್ಬಿಡೋಪಾದ ಕೆಲಸ, ಲೆವೊಡೋಪಾ ಮಿದುಳು ತಲುಪುವ ಮೊದಲೇ ಡೋಪಮಿನ್ ಆಗಿ ಹೊಟ್ಟೆ ತೊಳಸದಂತೆ ತಡೆಯುವುದು. ಪಟ್ಟಿಯ ಮೇಲಿನ 110, 125, 275 ಎಂಬ ಅಂಕಿಗಳನ್ನು ಬಿಡಿಸಿ ಓದಲು ಕಲಿಯಬೇಕು. 110ರಲ್ಲಿ ಕಾರ್ಬಿಡೋಪಾ 10, ಲೆವೊಡೋಪಾ 100. 125ರಲ್ಲಿ 25 ಮತ್ತು 100. 275ರಲ್ಲಿ 25 ಮತ್ತು 250. ದಿನಕ್ಕೆ ಒಟ್ಟು 75 ಮಿಲಿಗ್ರಾಮಿನಷ್ಟಾದರೂ ಕಾರ್ಬಿಡೋಪಾ ಬೇಕು. ದಿನಕ್ಕೆ ಮೂರು 110 ನುಂಗುವವರಿಗೆ ಸಿಗುವುದು 30 ಮಾತ್ರ, ವಾಕರಿಕೆಗೆ ಅದೇ ಕಾರಣವಿರಬಹುದು. ಆ ವಾಕರಿಕೆಗೆ ಮೆಟೊಕ್ಲೋಪ್ರಮೈಡ್ ತಂದು ನುಂಗಿದರೆ, ಅದೂ ಡಿ-2 ಮುಚ್ಚುವ ಔಷಧವೇ, ಮಾತ್ರೆಗೆ ಮಾತ್ರೆಯೇ ಎದುರಾಳಿ. ವಾಂತಿಯ ಪ್ರೊಕ್ಲೋರ್‌ಪೆರಜಿನ್, ತಲೆಸುತ್ತಿನ ಸಿನ್ನರಿಜಿನ್, ಮೈಗ್ರೇನಿನ ಫ್ಲುನರಿಜಿನ್ ಕೂಡ ಇದೇ ಸಾಲಿನವು.

ಊಟದ್ದು ಇನ್ನೊಂದು ತೊಡಕು. ಕರುಳಿನಿಂದ ರಕ್ತಕ್ಕೆ, ರಕ್ತದಿಂದ ಮಿದುಳಿಗೆ ಲೆವೊಡೋಪಾ ದಾಟುವುದು ಪ್ರೋಟೀನಿನ ಅಮೈನೊ ಆಮ್ಲಗಳು ದಾಟುವ ಬಾಗಿಲಿನಿಂದಲೇ. ಹಾಲು, ಮೊಟ್ಟೆ, ಮೀನು, ತೊವ್ವೆ ಜೊತೆಗೆ ನುಂಗಿದರೆ ಬಾಗಿಲಲ್ಲಿ ನೂಕುನುಗ್ಗಲು. ಊಟಕ್ಕೆ ಅರ್ಧದಿಂದ ಮುಕ್ಕಾಲು ಗಂಟೆ ಮೊದಲು, ಇಲ್ಲವೆ ಒಂದೆರಡು ಗಂಟೆ ನಂತರ, ಬರೀ ನೀರಿನಲ್ಲಿ ನುಂಗುವುದು ಒಳ್ಳೆಯದು. ಕಬ್ಬಿಣದ ಮಾತ್ರೆ ಲೆವೊಡೋಪಾವನ್ನು ಹಿಡಿದುಕೊಳ್ಳುತ್ತದೆ, ಎರಡು ಗಂಟೆ ಅಂತರವಿರಲಿ. ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆಯನ್ನು ಪುಡಿ ಮಾಡಬಾರದು. ಊರಿಗೆ ಹೋಗುವಾಗ ಮಾತ್ರೆ ಮರೆತು ಒಮ್ಮೆಲೇ ನಿಲ್ಲಿಸುವುದು ಎಲ್ಲಕ್ಕಿಂತ ಅಪಾಯ. ಜೋರು ಜ್ವರ ಬಂದು ಮೈ ಮರದಂತಾಗಿ ಜೀವಕ್ಕೇ ಕುತ್ತು ಬರಬಹುದು.

ಇಲ್ಲಿಯವರೆಗಿನದು ಕೊರತೆಯ ಕಥೆ. ಹೆಚ್ಚಾದರೆ ಆಗುವುದೂ ಇದೇ ಜಾಲದಿಂದ ಅರ್ಥವಾಗುತ್ತದೆ. ಪಾರ್ಕಿನ್ಸನ್‌ನಲ್ಲಿ ಸ್ಟ್ರಯೇಟಮ್‌ನ ಹಿಂಬದಿ, ಅಂದರೆ ಕೈಕಾಲು ಮತ್ತು ಅಭ್ಯಾಸಗಳ ಭಾಗ, ಮೊದಲು ಒಣಗುತ್ತದೆ. ಆಸೆ, ಗುರಿಗಳ ಕೆಳಭಾಗ ಬಹಳ ಕಾಲ ಹೆಚ್ಚುಕಡಿಮೆ ಸರಿಯಾಗಿರುತ್ತದೆ. ಕೈಗೆ ಸಾಕಾಗುವಷ್ಟು ಔಷಧ ಕೊಟ್ಟರೆ ಈ ಕೆಳಭಾಗಕ್ಕೆ ಅದು ವಿಪರೀತವಾಗಬಹುದು. ಡೋಪಮಿನ್‌ನಂತೆಯೇ ಗ್ರಾಹಕಗಳನ್ನು ಕೆರಳಿಸುವ ಪ್ರಮಿಪೆಕ್ಸೋಲ್, ರೋಪಿನಿರೋಲ್‌ಗಳಂಥ ಔಷಧಗಳಲ್ಲಿ ಇದು ಹೆಚ್ಚು, ಏಕೆಂದರೆ ಅವು ಬಲವಾಗಿ ಹಿಡಿಯುವ ಡಿ-3 ಗ್ರಾಹಕಗಳು ಆ ಕೆಳಭಾಗದಲ್ಲೇ ದಟ್ಟವಾಗಿವೆ. ಅಮೆರಿಕ, ಕೆನಡಾಗಳ 3,090 ರೋಗಿಗಳ ಮೇಲಿನ 2010ರ ಅಧ್ಯಯನದಲ್ಲಿ, ಈ ಬಗೆಯ ಔಷಧ ತೆಗೆದುಕೊಳ್ಳುವವರಲ್ಲಿ ಶೇ 17.1ರಷ್ಟು ಮಂದಿಗೆ ಜೂಜು, ಮಿತಿಯಿಲ್ಲದ ಖರೀದಿ, ಅತಿ ತಿನಿಸು, ಅತಿ ಕಾಮ ಇವುಗಳಲ್ಲಿ ಒಂದಾದರೂ ಅಂಟಿತ್ತು. ತೆಗೆದುಕೊಳ್ಳದವರಲ್ಲಿ ಅದು ಶೇ 6.9. ಮಾಂಡೋವಿಯ ಮೇಲೆ ಕ್ಯಾಸಿನೊ ಹಡಗುಗಳು ದೀಪ ಹಚ್ಚಿಕೊಂಡು ನಿಂತಿರುವ ಪಣಜಿಯಲ್ಲಿ, ಹಣದ ಆನ್‌ಲೈನ್ ಆಟಗಳನ್ನು 2025ರ ಆಗಸ್ಟ್‌ನಲ್ಲಿ ಕಾನೂನು ಮಾಡಿ ನಿಷೇಧಿಸಬೇಕಾಗಿ ಬಂದ ದೇಶದಲ್ಲಿ, ಈ ಮಾತ್ರೆ ಬರೆಯುವಾಗ ಮನೆಯವರನ್ನೂ ಕೂರಿಸಿ ಹೇಳುವುದು ತಪ್ಪಬಾರದು. ಬ್ಯಾಂಕಿನ ಎಸ್ಸೆಮ್ಮೆಸ್ ಇನ್ನೊಬ್ಬರ ಫೋನಿಗೂ ಬರುವಂತೆ ಮಾಡಿಕೊಳ್ಳಿ. ಔಷಧವನ್ನು ವೈದ್ಯರು ಹಂತಹಂತವಾಗಿ ಇಳಿಸಿದರೆ ಬಹಳ ಜನರಲ್ಲಿ ಈ ಹುಚ್ಚು ಇಳಿಯುತ್ತದೆ. ಇದು ನಡತೆ ಕೆಟ್ಟದ್ದಲ್ಲ, ಡೋಸಿನ ಪರಿಣಾಮ.

ಜೂಜೇ ಏಕೆ ಎಂಬುದಕ್ಕೂ ಉತ್ತರವಿದೆ. ನರವಿಜ್ಞಾನಿ ವೋಲ್ಫ್‌ರಾಮ್ ಶುಲ್ಟ್ಸ್ ಮಂಗಗಳ ಡೋಪಮಿನ್ ನರಕೋಶಗಳನ್ನು ಆಲಿಸಿದಾಗ ಅವು ಮಿಡಿದದ್ದು ನಿರೀಕ್ಷಿಸದೆ ಬಂದ ಹಣ್ಣಿನ ರಸಕ್ಕೆ. ಬರುವುದೆಂದು ಗೊತ್ತಾದ ಮೇಲೆ ಮಿಡಿತ ರಸದಿಂದ ಅದರ ಸೂಚನೆಗೆ ಜಿಗಿಯಿತು, ಬರಬೇಕಾದದ್ದು ಬಾರದಿದ್ದಾಗ ಮಿಡಿತ ಕುಸಿಯಿತು. ನಿರೀಕ್ಷೆಗೂ ದಕ್ಕಿದ್ದಕ್ಕೂ ಇರುವ ವ್ಯತ್ಯಾಸವೇ ಈ ನರಕೋಶಗಳ ಭಾಷೆ. ಯಾವಾಗ ಗೆಲ್ಲುವೆನೆಂದು ಗೊತ್ತಾಗದ ಯಂತ್ರದ ಮುಂದೆ ಆ ಭಾಷೆ ಎಂದೂ ಮೌನವಾಗುವುದಿಲ್ಲ. ಒಂದು ದಿನ ಫೋನ್ ಮುಟ್ಟದಿದ್ದರೆ ಡೋಪಮಿನ್ ಶುದ್ಧಿಯಾಗುತ್ತದೆ ಎಂಬ ಉಪವಾಸದ ಮಾತಿಗೆ ಇದರಲ್ಲಿ ಆಧಾರ ಸಿಗುವುದಿಲ್ಲ. ಫೋನ್ ಬಿಡುವುದು ಒಳ್ಳೆಯದೇ, ಆದರೆ ಡೋಪಮಿನ್ ತೊಳೆದು ತೆಗೆಯುವ ಕೊಳೆಯಲ್ಲ.

ಔಷಧದ ಏರಿಳಿತ ಹಿಡಿತಕ್ಕೆ ಬಾರದಾದಾಗ ಆಳ ಮಿದುಳಿಗೆ ವಿದ್ಯುತ್ ಕೊಡುವ ಚಿಕಿತ್ಸೆಯಿದೆ. 1987ರಲ್ಲಿ ಫ್ರಾನ್ಸಿನ ಗ್ರೆನೋಬ್ಲ್‌ನಲ್ಲಿ ಬೆನಾಬಿದ್ ಶುರುಮಾಡಿದ ದಾರಿ ಇದು. ಮುಂಬಯಿಯಲ್ಲಿ ಜಸ್‌ಲೋಕ್ ಆಸ್ಪತ್ರೆ ಇದನ್ನು ಬಹಳ ವರ್ಷಗಳಿಂದ ಮಾಡುತ್ತ ಬಂದಿದೆ. ಒಂದೂಕಾಲು ಮಿಲಿಮೀಟರ್ ದಪ್ಪದ ತಂತಿ ಸಬ್‌ಥಲಾಮಿಕ್ ಗಂಟು ತಲುಪಬೇಕು. ಸಾಮಾನ್ಯವಾಗಿ ಸೆಕೆಂಡಿಗೆ 130 ಸಲ, ಪ್ರತಿ ಸಲ 60 ಮೈಕ್ರೊಸೆಕೆಂಡ್ ವಿದ್ಯುತ್ ಹರಿಸುತ್ತಾರೆ. ಆ ಗಂಟಿನ ಮೇಲಿನ ಹೊರಬದಿ ಕೈಕಾಲಿನದು, ಕೆಳಗಿನ ಒಳತುದಿ ಭಾವನೆಯದು, ನಡುವೆ ಕೆಲವೇ ಮಿಲಿಮೀಟರ್. ತಂತಿ ಕೆಳಕ್ಕೆ ಜಾರಿದರೆ ನಡುಕದ ಬದಲು ಉನ್ಮಾದ ಬಂದೀತು, ಹೊರಕ್ಕೆ ಸರಿದರೆ ಮಾತು ತೊದಲೀತು. ಶಸ್ತ್ರಚಿಕಿತ್ಸೆಗೆ ಮೊದಲು ರಾತ್ರಿಯಿಡೀ ಮಾತ್ರೆ ನಿಲ್ಲಿಸಿ, ಬೆಳಿಗ್ಗೆ ಕೊಟ್ಟು ಎಷ್ಟು ಸುಧಾರಿಸುತ್ತದೆಂದು ಅಳೆಯುತ್ತಾರೆ. ನಡುಕವನ್ನು ಬಿಟ್ಟರೆ, ಲೆವೊಡೋಪಾಕ್ಕೆ ಬಗ್ಗದ ತೊಂದರೆ ತಂತಿಗೂ ಬಗ್ಗುವುದು ಕಡಿಮೆ. ಮಿದುಳಿನ ಆಳದ ವಿದ್ಯುತ್ ಅಲೆಗಳನ್ನು ತಾನೇ ಆಲಿಸಿ ವಿದ್ಯುತ್ತನ್ನು ಏರಿಸಿ ಇಳಿಸುವ ಉಪಕರಣಕ್ಕೆ ಅಮೆರಿಕದಲ್ಲಿ 2025ರಲ್ಲಿ ಅನುಮತಿ ಸಿಕ್ಕಿದೆ.

ತಂತಿಯೂ ಮಾತ್ರೆಯೂ ಪೂರ್ತಿ ನೀಗಿಸದ ತೊಂದರೆಯೊಂದಿದೆ. ಬಾಗಿಲಲ್ಲಿ, ತಿರುವಿನಲ್ಲಿ, ಪ್ಲಾಟ್‌ಫಾರ್ಮ್ ಅಂಚಿನಲ್ಲಿ ಪಾದ ನೆಲಕ್ಕೆ ಅಂಟಿದಂತೆ ನಿಂತುಬಿಡುವುದು. ಪುಣೆಯ ವಿನ್ಯಾಸಕಿ ಮಿಲೆಹಾ ಸೋನೆಜಿ ಪಾರ್ಕಿನ್ಸನ್ ಇದ್ದ ತಮ್ಮ ಅಂಕಲ್ ಒಬ್ಬರು ಸಮನೆಲದಲ್ಲಿ ನಿಂತುಬಿಡುತ್ತಿದ್ದರೂ ಮೆಟ್ಟಿಲನ್ನು ಸರಾಗವಾಗಿ ಹತ್ತಿಳಿಯುವುದನ್ನು ಗಮನಿಸಿದರು. ನೆಲದ ಮೇಲೆ ಮೆಟ್ಟಿಲಿನ ಚಿತ್ರ ಅಂಟಿಸಿದರು, ಅವರು ನಡೆದರು. ತಾನಾಗಿ ನಡೆಯುವ ಅಭ್ಯಾಸದ ದಾರಿ ಹಾಳಾಗಿದ್ದರೂ ಕಣ್ಣಿನ ಮತ್ತು ಕಿವಿಯ ಗುರುತು ಹಿಡಿದು ಹೋಗುವ ದಾರಿ ಉಳಿದಿರುತ್ತದೆ. ಪಾರ್ಕಿನ್ಸನ್ ಇರುವವರಿಗೆ ಪುಣೆಯಲ್ಲಿ ನೃತ್ಯ ತರಗತಿಗಳು ನಡೆಯುವುದೂ ಇದೇ ನಂಬಿಕೆಯ ಮೇಲೆ. ಭಜನೆಯ ತಾಳಕ್ಕೋ ಚೆಂಡೆಯ ಪೆಟ್ಟಿಗೋ ಹೆಜ್ಜೆ ಹಾಕಿ ಬೆಳೆದವರಿಗೆ ಆ ಲಯವೇ ಸಾಕಾಗಬಹುದು.

ಮನೆಯಲ್ಲಿ ಮಾಡಬೇಕಾದದ್ದು ಕಷ್ಟವಲ್ಲ. ಬಚ್ಚಲ ಬಾಗಿಲ ಮುಂದೆ, ಹಜಾರದಲ್ಲಿ, ನಡೆಯುವ ದಿಕ್ಕಿಗೆ ಅಡ್ಡವಾಗಿ, ಅವರ ಒಂದು ಹೆಜ್ಜೆಯಷ್ಟು ಅಂತರದಲ್ಲಿ, ನೆಲದ ಬಣ್ಣಕ್ಕೆ ಎದ್ದುಕಾಣುವ ಟೇಪ್ ಅಂಟಿಸಿ. ತಿರುಗುವಾಗ ನಿಂತಲ್ಲೇ ಹೊರಳದೆ ಅಗಲವಾಗಿ ಸುತ್ತಿ ಬರಲಿ. ರೈಲಿನ ಸೇತುವೆಯ ಮೇಲೆ ನಡೆಯುವಾಗ ಫೋನಿನಲ್ಲಿ ಮಾತು ಬೇಡ, ಏಕೆಂದರೆ ಅಭ್ಯಾಸಕ್ಕೆ ಬಿಡಲಾಗದ ನಡಿಗೆಗೆ ಪೂರ್ತಿ ಗಮನವೇ ಬೇಕು. ದಾದರ್‌ನಲ್ಲಿ ಇಳಿಯುವಾಗ ಕಾಲು ನಿಂತುಬಿಟ್ಟರೆ ಕೈಹಿಡಿದು ಮುಂದಕ್ಕೆ ಎಳೆಯಬಾರದು. ಮೈ ಮುಂದೆ ಬಂದು ಕಾಲು ಹಿಂದೆ ಉಳಿದು ಬೀಳುತ್ತಾರೆ. ಪಕ್ಕದಲ್ಲಿ ನಿಲ್ಲಿ, ಒಂದು ಉಸಿರು ತೆಗೆದುಕೊಳ್ಳಲಿ, ಭಾರ ಎಡಕ್ಕೆ ಬಲಕ್ಕೆ ಒಮ್ಮೊಮ್ಮೆ ಹಾಕಲಿ. ಆಮೇಲೆ ನಿಮ್ಮ ಪಾದವನ್ನು ಅವರ ಪಾದದ ಮುಂದೆ ಅಡ್ಡ ಇಟ್ಟು, ಮನಸ್ಸು ಮಾಡಿ ಎನ್ನುವ ಬದಲು ಹೇಳಿ, "ಅಪ್ಪಾ, ನನ್ನ ಈ ಪಾದ ದಾಟಿ."